ವಾಯುಪಡೆಯ ಸಾಗಣೆ ವಿಮಾನದಲ್ಲಿ ಕೆಲಸ: ಅರ್ಜಿ ಹಾಕುವ ಮೊದಲು ತಿಳಿದಿರಬೇಕಾದ್ದು

ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ನಮ್ಮ ಕರಾವಳಿಯಲ್ಲಿ ನೌಕಾಪಡೆಯ ಬಗ್ಗೆ ಕೇಳಿದರೆ ಯಾರಾದರೊಬ್ಬರು ದಾರಿ ಹೇಳುತ್ತಾರೆ. ಭೂಸೇನೆಯಲ್ಲಿದ್ದು ನಿವೃತ್ತರಾಗಿ ಬಂದವರೂ ಊರಲ್ಲಿ ಸಿಗುತ್ತಾರೆ. ವಾಯುಪಡೆಯ ಮಾತು ಬಂದಾಗ ಮಾತ್ರ ಮನೆಮಂದಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಅದರಲ್ಲೂ ಕುಮಟಾದಲ್ಲೋ ಹೊನ್ನಾವರದಲ್ಲೋ ಪಿಯುಸಿ ಓದುತ್ತಿರುವ ಮಗಳು “ನನಗೆ ಫೈಟರ್ ಬೇಡ, ದೊಡ್ಡ ಸಾಗಣೆ ವಿಮಾನದಲ್ಲಿ ಕೆಲಸ ಮಾಡಬೇಕು” ಎಂದರೆ ಎದ್ದು ಬರುವುದು ಮೂರೇ ಪ್ರಶ್ನೆ. ಫೈಟರ್ ಸಿಗದವರು ಹೋಗುವ ಕೆಲಸ ಅಲ್ಲವೇ ಅದು? ಸಾಮಾನು ಹೊರುವುದಕ್ಕೆ ಇಷ್ಟೆಲ್ಲ ಓದಬೇಕೇ? ವಿಮಾನ ಬಿದ್ದರೆ ಗತಿ ಏನು?

ಮೂರಕ್ಕೂ ಉತ್ತರವಿದೆ. ಅದಕ್ಕೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ: ಸಾಗಣೆ ವಿಮಾನದ ಸಿಬ್ಬಂದಿ ಹುದ್ದೆಗೆಂದು ನೇರವಾಗಿ ಅರ್ಜಿ ಕರೆಯುವುದಿಲ್ಲ. ಅಧಿಕಾರಿಯಾಗಿಯೋ ಏರ್‌ಮನ್ ಆಗಿಯೋ ವಾಯುಪಡೆಗೆ ಸೇರಬೇಕು, ವಿಮಾನ ಆಮೇಲಿನ ಮಾತು. ಯಾವ ಬಾಗಿಲಿನಿಂದ ಒಳಹೋಗುತ್ತೀರಿ ಎಂಬುದರ ಮೇಲೆ ಸಂಬಳ, ಪಿಂಚಣಿ, ವಿಮಾನ ಹತ್ತುವ ಅವಕಾಶ ಎಲ್ಲವೂ ಬೇರೆಬೇರೆ. ಈ ಕೆಲಸದ ಲಾಭ ನಷ್ಟ ತೂಗುವಾಗ ಹೆಚ್ಚಿನವರು ಎಡವುವುದು ಇಲ್ಲೇ.

ಕೆಲಸ ಏನು, ಏಕೆ ಹಾಗೆ?

ಸಾಗಣೆ ವಿಮಾನಗಳ ಕತೆ ಸ್ವತಂತ್ರ ಭಾರತದಷ್ಟೇ ಹಳೆಯದು. 1947ರ ಅಕ್ಟೋಬರ್ 27ರಂದು ಡಕೋಟಾ ವಿಮಾನಗಳು ಸೈನಿಕರನ್ನು ಶ್ರೀನಗರದಲ್ಲಿ ಇಳಿಸಿದವು. 1988ರ ನವೆಂಬರ್ 3ರ ರಾತ್ರಿ ಆಗ್ರಾದಿಂದ ಹೊರಟ ಐಎಲ್-76 ವಿಮಾನಗಳು ಪ್ಯಾರಾ ಸೈನಿಕರನ್ನು ಮಾಲ್ದೀವ್ಸ್‌ಗೆ ಮುಟ್ಟಿಸಿದವು. ಚಂಡೀಗಢದಿಂದ ಲೇಹ್‌ಗೆ, ಜೋರ್ಹಾಟ್‌ನಿಂದ ಅರುಣಾಚಲದ ಗಡಿಯ ಸಣ್ಣ ರನ್‌ವೇ ಪಟ್ಟಿಗಳಿಗೆ ಅಕ್ಕಿ, ಸೀಮೆಎಣ್ಣೆ, ಔಷಧ, ಮದ್ದುಗುಂಡು ಹೊತ್ತೊಯ್ಯುವುದು ನಿತ್ಯದ ಕೆಲಸ.

ಈ ವಿಮಾನದಲ್ಲಿ ಪೈಲಟ್‌ನಷ್ಟೇ ಹೊಣೆ ಹೊತ್ತಿರುವವರು ಲೋಡ್‌ಮಾಸ್ಟರ್. ಯಾವ ಸಾಮಾನು ಎಲ್ಲಿ ಕೂರಬೇಕು, ಹೇಗೆ ಬಿಗಿಯಬೇಕು ಎಂದು ತೀರ್ಮಾನಿಸುವವರು ಅವರೇ. ಮೀನುಗಾರಿಕೆ ಬೋಟಿಗೆ ಹೋಗುವವರಿಗೆ ಇದನ್ನು ವಿವರಿಸಬೇಕಿಲ್ಲ. ಐಸು, ಬಲೆ, ಡೀಸೆಲ್ ಎಲ್ಲವನ್ನೂ ಹಿಂಬದಿಗೇ ಪೇರಿಸಿದರೆ ಬೋಟು ಮೂತಿ ಎತ್ತುತ್ತದೆ, ತಾಂಡೇಲನ ಮಾತು ಕೇಳುವುದಿಲ್ಲ. ವಿಮಾನದಲ್ಲೂ ಭಾರದ ಕೇಂದ್ರ ನಿಗದಿತ ಮಿತಿಯೊಳಗೇ ಇರಬೇಕು.

ಬಿಗಿಯುವ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಿ-17, ಸಿ-130ಜೆಯಂಥ ಅಮೆರಿಕನ್ ವಿಮಾನಗಳ ಮಾನದಂಡದ ಪ್ರಕಾರ, ಸಾಮಾನು ಮುಂದಕ್ಕೆ ಜರಗದಂತೆ ಅದರ ತೂಕದ ಮೂರು ಪಟ್ಟು ಬಲವನ್ನು ಕಟ್ಟು ತಡೆಯಬೇಕು. ಹಿಂದಕ್ಕೂ ಪಕ್ಕಕ್ಕೂ ಒಂದೂವರೆ ಪಟ್ಟು, ಮೇಲಕ್ಕೆ ಎರಡು ಪಟ್ಟು. ನಾಲ್ಕು ಟನ್ನಿನ ವಾಹನವನ್ನು ಒಳಗೆ ಏರಿಸಿದಿರಿ ಎನ್ನಿ. ಮುಂದಕ್ಕೆ ಹನ್ನೆರಡು ಟನ್ ತಡೆ ಬೇಕು. ಸಣ್ಣ ಚೈನಿನ ಸಾಮರ್ಥ್ಯ ಹತ್ತು ಸಾವಿರ ಪೌಂಡ್, ಅಂದರೆ ನಾಲ್ಕೂವರೆ ಟನ್. ಆದರೆ ಚೈನನ್ನು ನೆಲಕ್ಕೆ ಓರೆಯಾಗಿ ಎಳೆದು ಕಟ್ಟಬೇಕಾಗುವುದರಿಂದ ಅದರ ಮುಕ್ಕಾಲು ಪಾಲು ಬಲ ಮಾತ್ರ ಮುಂದಿನ ದಿಕ್ಕಿಗೆ ದಕ್ಕುತ್ತದೆ. ಹೀಗೆ ಮೂರು ಚೈನಿಗೆ ಹತ್ತು ಟನ್ ಚಿಲ್ಲರೆ, ಸಾಲದು. ನಾಲ್ಕು ಬೇಕು. ಇಷ್ಟನ್ನು ರಾತ್ರಿ ಎರಡು ಗಂಟೆಗೆ, ಇಂಜಿನ್ ಸದ್ದಿನ ನಡುವೆ, ಬೇಗ ಮುಗಿಸಿ ಎಂಬ ಒತ್ತಡದಲ್ಲಿ ತಪ್ಪಿಲ್ಲದೆ ಮಾಡಬೇಕು.

ತಪ್ಪಿದರೆ ಏನಾಗುತ್ತದೆಂಬುದಕ್ಕೆ 2013ರ ಏಪ್ರಿಲ್ 29ರ ಘಟನೆ ಸಾಕ್ಷಿ. ಅಫ್ಘಾನಿಸ್ತಾನದ ಬಗ್ರಾಮ್‌ನಿಂದ ಸೇನಾ ವಾಹನಗಳನ್ನು ಹೊತ್ತು ಮೇಲೇರಿದ ಖಾಸಗಿ ಬೋಯಿಂಗ್ 747 ಸರಕು ವಿಮಾನದಲ್ಲಿ ಒಂದು ಭಾರೀ ವಾಹನ ಕಟ್ಟು ಕಳಚಿಕೊಂಡು ಹಿಂದಕ್ಕೆ ಜಾರಿತು, ಬಾಲದ ಭಾಗದ ನಿಯಂತ್ರಣ ವ್ಯವಸ್ಥೆಯನ್ನೇ ಮುರಿಯಿತು. ವಿಮಾನ ಬಿದ್ದು ಏಳೂ ಜನ ಸತ್ತರು. ಸಾಮಾನು ಹೊರುವುದಕ್ಕೆ ಓದು ಬೇಕೇ ಎಂಬ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಯಾವ ವಿಮಾನ, ಯಾರು ಯಾರು?

ನಮ್ಮ ವಾಯುಪಡೆಯ ದೊಡ್ಡಣ್ಣ ಸಿ-17 ಗ್ಲೋಬ್‌ಮಾಸ್ಟರ್. 2013ರಿಂದ ಸೇವೆಗೆ ಬರತೊಡಗಿದ ಹನ್ನೊಂದು ವಿಮಾನಗಳು ದೆಹಲಿ ಬಳಿಯ ಹಿಂಡನ್‌ನಲ್ಲಿವೆ. ಎಪ್ಪತ್ತು ಟನ್‌ಗೂ ಹೆಚ್ಚು ಹೊರುವ ಇದನ್ನು ಇಬ್ಬರು ಪೈಲಟ್‌ಗಳು ಮತ್ತು ಒಬ್ಬ ಲೋಡ್‌ಮಾಸ್ಟರ್ ನಡೆಸಬಲ್ಲರು. ಇಪ್ಪತ್ತು ಟನ್ ಆಸುಪಾಸು ಹೊರುವ ಸಿ-130ಜೆ ಹಿಂಡನ್ ಮತ್ತು ಪಶ್ಚಿಮ ಬಂಗಾಳದ ಪಾನಾಗಢದಲ್ಲಿವೆ. 1980ರ ದಶಕದಲ್ಲಿ ಬಂದ ಸೋವಿಯತ್ ನಿರ್ಮಿತ ಐಎಲ್-76 ಮತ್ತು ಆ್ಯಂಟೊನೊವ್ ಎಎನ್-32 ಇನ್ನೂ ದುಡಿಯುತ್ತಿವೆ. ಹಳೆಯ ಆವ್ರೋ ವಿಮಾನಗಳ ಜಾಗಕ್ಕೆ ಸಿ-295 ಬರುತ್ತಿದೆ. 2021ರಲ್ಲಿ 56 ವಿಮಾನಗಳಿಗೆ ಒಪ್ಪಂದವಾಯಿತು. ಹದಿನಾರು ಸ್ಪೇನ್‌ನಿಂದ, ಉಳಿದ ನಲವತ್ತು ವಡೋದರದ ಟಾಟಾ ಕಾರ್ಖಾನೆಯಿಂದ.

ಈ ಪಟ್ಟಿಯಲ್ಲಿ ಗಮನಿಸಬೇಕಾದ ವಿಷಯವೊಂದಿದೆ. ಸೋವಿಯತ್ ಕಾಲದ ವಿಮಾನಗಳಲ್ಲಿ ಪೈಲಟ್‌ಗಳ ಜೊತೆ ನ್ಯಾವಿಗೇಟರ್, ಫ್ಲೈಟ್ ಇಂಜಿನಿಯರ್ ಇರುತ್ತಾರೆ. ಐಎಲ್-76ರಲ್ಲಿ ಇನ್ನೂ ಹೆಚ್ಚು ಮಂದಿ. ಹೊಸ ವಿಮಾನಗಳಲ್ಲಿ ಆ ಕೆಲಸಗಳನ್ನು ಕಂಪ್ಯೂಟರ್ ವಹಿಸಿಕೊಂಡಿದೆ. ಮುಖ್ಯವಾಗಿ ಪೈಲಟ್ ಮತ್ತು ಲೋಡ್‌ಮಾಸ್ಟರ್ ಉಳಿದಿದ್ದಾರೆ. ಈಗ ಹದಿನೇಳು ಹದಿನೆಂಟರ ಹುಡುಗ ಫ್ಲೈಟ್ ಇಂಜಿನಿಯರ್ ಆಗುವ ಕನಸು ಕಟ್ಟಿಕೊಂಡರೆ, ಅವನು ಅನುಭವಿಯಾಗುವ ಹೊತ್ತಿಗೆ ಆ ಕುರ್ಚಿಯೇ ಇಲ್ಲದಿರಬಹುದು.

ಒಳ್ಳೆಯದೇನು?

2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಅಲ್ಲಿ ಸಿಲುಕಿದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದವರೂ ಇದ್ದರು. ಗಿಡಮೂಲಿಕೆ ಔಷಧ ಮಾರಲು ಹೋದವರು. ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟ ಕಾರ್ಯಾಚರಣೆಯಲ್ಲಿ ಹಡಗು ಮತ್ತು ವಿಮಾನಗಳ ಮೂಲಕ 3,862 ಜನರನ್ನು ಹೊರತರಲಾಯಿತು. ಏಪ್ರಿಲ್ 27ರ ರಾತ್ರಿ ಒಂದು ಸಿ-130ಜೆ ಖಾರ್ಟೂಮ್‌ನ ಉತ್ತರಕ್ಕೆ ನಲವತ್ತು ಕಿಲೋಮೀಟರ್ ದೂರದ ವಾದಿ ಸೈಯಿದ್ನಾ ಎಂಬಲ್ಲಿ ಇಳಿಯಿತು. ರನ್‌ವೇ ಹಾಳಾಗಿತ್ತು, ದೀಪವಿಲ್ಲ, ದಾರಿ ತೋರುವ ಉಪಕರಣಗಳಿಲ್ಲ, ಇಂಧನವೂ ಸಿಗುವಂತಿರಲಿಲ್ಲ. ಸಿಬ್ಬಂದಿ ಇನ್‌ಫ್ರಾರೆಡ್ ಕ್ಯಾಮೆರಾದಿಂದ ಪಟ್ಟಿಯ ಮೇಲೆ ಅಡ್ಡಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನೈಟ್‌ವಿಷನ್ ಕನ್ನಡಕ ಹಾಕಿಕೊಂಡು ಇಳಿಸಿದರು. ಇಂಜಿನ್ ಆರಿಸದೆಯೇ 121 ಜನರನ್ನು ಹತ್ತಿಸಿಕೊಂಡರು. ಅವರಲ್ಲಿ ಗರ್ಭಿಣಿಯೊಬ್ಬರೂ ಇದ್ದರು. ಅಲ್ಲಿಂದ ಜೆದ್ದಾಕ್ಕೆ.

ಕೊಲ್ಲಿಯಲ್ಲಿ ತಮ್ಮವರನ್ನು ಬಿಟ್ಟಿರುವ ಭಟ್ಕಳದ ಮನೆಗಳಿಗೆ ಇಂಥ ವಿಮಾನದ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. 2015ರಲ್ಲಿ ಯೆಮನ್‌, 2021ರಲ್ಲಿ ಕಾಬೂಲ್‌, 2022ರಲ್ಲಿ ಉಕ್ರೇನ್‌ ಬಿಕ್ಕಟ್ಟು ಬಂದಾಗ ಜನರನ್ನು ಕರೆತರಲು ಹೋದದ್ದೂ ಸಿ-17. ಕೋವಿಡ್ ಎರಡನೇ ಅಲೆಯಲ್ಲಿ ಸಿಂಗಪುರ, ದುಬೈಗಳಿಂದ ಆಮ್ಲಜನಕದ ಖಾಲಿ ಟ್ಯಾಂಕರ್‌ಗಳನ್ನು ತಂದದ್ದೂ ಅದೇ. ಫೈಟರ್ ಸಿಗದವರ ಕೆಲಸ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಪೈಲಟ್‌ಗಳ ಹಂಚಿಕೆಯಲ್ಲಿ ಅಂಕ, ಇಚ್ಛೆ, ವಾಯುಪಡೆಯ ಅಗತ್ಯ ಮೂರೂ ಸೇರುತ್ತವೆ. ಸ್ವಭಾವದಲ್ಲೂ ವ್ಯತ್ಯಾಸವಿದೆ. ಒಬ್ಬಂಟಿಯಾಗಿ ಹಾರುವ ಹುಮ್ಮಸ್ಸಿನವರು ಒಂದು ಬಗೆ, ನಾಲ್ಕಾರು ಜನರೊಂದಿಗೆ ಹೊಂದಿಕೊಂಡು ದೀರ್ಘ ಹೊತ್ತು ನಿಗಾ ಇಟ್ಟು ದುಡಿಯುವವರು ಇನ್ನೊಂದು ಬಗೆ. ಸಾಗಣೆ ವಿಮಾನಕ್ಕೆ ಎರಡನೆಯವರು ಬೇಕು.

ಉಳಿದ ಅನುಕೂಲಗಳನ್ನು ಚುಟುಕಾಗಿ ಹೇಳುತ್ತೇನೆ. ಅಧಿಕಾರಿಯ ಆರಂಭಿಕ ಮೂಲ ವೇತನ 56,100 ರೂಪಾಯಿ, ಅದರ ಮೇಲೆ ಸೇನಾ ಸೇವಾ ವೇತನ 15,500. ಪೈಲಟ್‌ಗಳಿಗೆ ಏಳನೇ ವೇತನ ಆಯೋಗದ ಕಾಲಕ್ಕೆ ತಿಂಗಳಿಗೆ 25,000 ಹಾರಾಟ ಭತ್ಯೆ ನಿಗದಿಯಾಯಿತು. ಎರಡು ಅಥವಾ ನಾಲ್ಕು ಇಂಜಿನ್‌ಗಳ ವಿಮಾನ ಹಾರಿಸಿದ ಗಂಟೆಗಳಿಗೆ ಮುಂದೆ ವಿಮಾನಯಾನ ಕಂಪನಿಗಳಲ್ಲಿ ಬೆಲೆಯಿದೆ, ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಪರೀಕ್ಷೆ ಬರೆದು ಪರವಾನಗಿ ಪಡೆಯಬೇಕು ಅಷ್ಟೆ. ಹೆಣ್ಣುಮಕ್ಕಳಿಗೆ ಈ ಬಾಗಿಲು 1990ರ ದಶಕದಲ್ಲೇ ತೆರೆದಿದೆ, ಫೈಟರ್‌ಗಿಂತ ಎಷ್ಟೋ ಮೊದಲು.

ಕಷ್ಟವೇನು?

ಅಪಾಯವನ್ನು ಮುಚ್ಚಿಟ್ಟು ಮಕ್ಕಳನ್ನು ಕಳಿಸಬಾರದು. 2014ರ ಮಾರ್ಚ್‌ನಲ್ಲಿ ಗ್ವಾಲಿಯರ್ ಬಳಿ ಸಿ-130ಜೆ ಬಿದ್ದು ಐವರು ತೀರಿಕೊಂಡರು. 2019ರ ಜೂನ್ 3ರಂದು ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟ ಎಎನ್-32 ಬೆಟ್ಟಕ್ಕೆ ಬಡಿದು ಹದಿಮೂರು ಜನ ಹೋದರು. 2016ರ ಜುಲೈ 22ರಂದು ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್‌ಬ್ಲೇರ್‌ಗೆ ಹೊರಟ ಎಎನ್-32 ಇಪ್ಪತ್ತೊಂಬತ್ತು ಜನರೊಂದಿಗೆ ಬಂಗಾಳ ಕೊಲ್ಲಿಯ ಮೇಲೆ ಕಣ್ಮರೆಯಾಯಿತು. ಅದರ ಅವಶೇಷ ಸುಮಾರು 3,400 ಮೀಟರ್ ಆಳದಲ್ಲಿ ಪತ್ತೆಯಾದ ಸುದ್ದಿ ಬಂದದ್ದು 2024ರ ಜನವರಿಯಲ್ಲಿ. ಕಡಲಿಗೆ ಹೋದವರ ದಾರಿ ಕಾಯುವುದು ಏನೆಂದು ತಿಳಿದ ನಮ್ಮ ಊರಿನವರಿಗೆ ಆ ಏಳೂವರೆ ವರ್ಷ ಆ ಕುಟುಂಬಗಳಿಗೆ ಹೇಗಿತ್ತೆಂದು ಅರ್ಥವಾದೀತು. ಅಪಘಾತಗಳು ವಿರಳ, ಆದರೆ ಮನೆಯವರು ಇದನ್ನು ಗೊತ್ತಿದ್ದೇ ಒಪ್ಪಬೇಕು.

ದಿನನಿತ್ಯದ ಕಷ್ಟ ಬೇರೆ ಬಗೆಯದು. ಟರ್ಬೊಪ್ರಾಪ್ ವಿಮಾನದ ಸದ್ದು ಮತ್ತು ನಡುಕ ವರ್ಷಗಟ್ಟಲೆ ಕಿವಿಗೂ ಬೆನ್ನಿಗೂ ತಾಗುತ್ತದೆ. ಲೇಹ್‌ನಂಥ ಎತ್ತರದಲ್ಲಿ ಇಳಿದು ಸಾಮಾನು ಇಳಿಸುವಾಗ ತೆಳುಗಾಳಿಯಲ್ಲಿ ಏದುಸಿರು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಮಕ್ಕಳಿಗೆ ಮತ್ತೆ ಹೊಸ ಶಾಲೆ. ಸಾಗಣೆ ದಳಗಳ ಹೆಚ್ಚಿನ ನೆಲೆಗಳು ಉತ್ತರ, ಪೂರ್ವ ಮತ್ತು ಈಶಾನ್ಯದಲ್ಲಿವೆ. ಚೌತಿಗೋ ಈದ್‌ಗೋ ಊರಿಗೆ ಬರುತ್ತೇನೆಂದು ಟಿಕೆಟ್ ಮಾಡಿಸಿದ ವಾರವೇ ಎಲ್ಲೋ ಭೂಕಂಪವಾಗಿ ರಜೆ ರದ್ದಾಗಬಹುದು.

ದುಡಿಯುವವರು ದೂರವಿರುವುದು ಕುಮಟಾ, ಹೊನ್ನಾವರ, ಭಟ್ಕಳದ ಮನೆಗಳಿಗೆ ಹೊಸದಲ್ಲ, ನಿಜ. ಆದರೆ ಕೊಲ್ಲಿಯ ಕೆಲಸ ಒಗ್ಗದಿದ್ದರೆ ರಾಜೀನಾಮೆ ಕೊಟ್ಟು ವಾಪಸಾಗಬಹುದು. ಸೇನೆಯಲ್ಲಿ ಬೇಕೆಂದಾಗ ಬಿಟ್ಟು ಬರುವಂತಿಲ್ಲ. ದುಬೈಯಲ್ಲಿರುವ ಅಣ್ಣನ ಮನೆಗೆ ಹೋಗಿಬರಲೂ ಮೊದಲೇ ಅನುಮತಿ ಪಡೆಯಬೇಕು. ಗಡ್ಡದ ವಿಷಯದಲ್ಲೂ ವಾಯುಪಡೆಯ ನಿಯಮ ಬಿಗಿ, 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ಧಾರ್ಮಿಕ ಕಾರಣಕ್ಕೆ ಗಡ್ಡ ಬಿಟ್ಟಿರುವ ಯುವಕರು ಇದನ್ನು ಅರ್ಜಿಗೆ ಮೊದಲೇ ಯೋಚಿಸುವುದು ಒಳ್ಳೆಯದು.

ದಾರಿಗಳು

1. ಮೊದಲು ದೇಹದ ಅಳತೆ. ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮೊದಲು ಇದು ಆಗಲಿ. ಪೈಲಟ್‌ಗೆ ಕನಿಷ್ಠ ಎತ್ತರ 162.5 ಸೆಂಟಿಮೀಟರ್. ಕಾಲಿನ ಉದ್ದ 99ರಿಂದ 120 ಸೆಂ.ಮೀ., ಕೂತಾಗಿನ ಎತ್ತರ 81.5ರಿಂದ 96 ಸೆಂ.ಮೀ. ಇರಬೇಕು. ಕಾಕ್‌ಪಿಟ್‌ನ ಪೆಡಲ್ ಎಟುಕಬೇಕು, ಕಿಟಕಿಯಾಚೆ ಕಾಣಬೇಕು, ಹಾಗಾಗಿ ಈ ಅಳತೆ. ಇದರಲ್ಲಿ ರಿಯಾಯಿತಿ ಕೇಳಿ ಫಲವಿಲ್ಲ. ಕಣ್ಣಿನ ವೈದ್ಯರ ಹತ್ತಿರ ದೃಷ್ಟಿಯ ಜೊತೆ ಬಣ್ಣ ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಏರ್‌ಮನ್ ಆಗಿ ಸೇರುವ ಅಗ್ನಿವೀರವಾಯುವಿಗೆ ಎತ್ತರ 152 ಸೆಂ.ಮೀ. ಸಾಕು.

2. ಪಿಯುಸಿಯಿಂದ ನೇರ: ಎನ್‌ಡಿಎ. ಯುಪಿಎಸ್‌ಸಿ ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿರಬೇಕು. ದ್ವಿತೀಯ ಪಿಯುಸಿಯಲ್ಲಿರುವಾಗಲೇ ಬರೆಯಬಹುದು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಮೂರು ವರ್ಷ ಪುಣೆಯ ಖಡಕ್ವಾಸ್ಲಾ, ಆಮೇಲೆ ಹೈದರಾಬಾದ್ ಬಳಿಯ ದುಂಡಿಗಲ್. ನನ್ನನ್ನು ಕೇಳಿದರೆ, ಹಾರಾಟದ ಆಸೆ ಗಟ್ಟಿಯಿರುವವರು ಮೊದಲು ಪ್ರಯತ್ನಿಸಬೇಕಾದ ದಾರಿ ಇದೇ, ಏಕೆಂದರೆ ಇಲ್ಲಿ ಸಿಗುವುದು ಪರ್ಮನೆಂಟ್ ಕಮಿಷನ್. ಪೂರ್ಣ ಸೇವೆ ಸಲ್ಲಿಸಿದರೆ ಪಿಂಚಣಿ ಇದೆ.

3. ಪದವಿಯ ನಂತರ: ಎಎಫ್‌ಕ್ಯಾಟ್, ಎನ್‌ಸಿಸಿ. ಎಎಫ್‌ಕ್ಯಾಟ್ ಮೂಲಕ ಪೈಲಟ್ ಆಗಲು ವಯಸ್ಸು ಇಪ್ಪತ್ತರಿಂದ ಇಪ್ಪತ್ತನಾಲ್ಕು, ಪದವಿಯಲ್ಲಿ ಶೇ. 60 ಅಂಕ, ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ತಲಾ ಶೇ. 50. ಇದು ಹದಿನಾಲ್ಕು ವರ್ಷದ ಶಾರ್ಟ್ ಸರ್ವಿಸ್, ಪಿಂಚಣಿ ಇಲ್ಲ. ಮೂವತ್ತೈದರ ಆಸುಪಾಸಿನಲ್ಲಿ ಹೊರಬಂದು ಇನ್ನೊಂದು ಕೆಲಸ ಹಿಡಿಯುವ ಯೋಜನೆ ಇರಬೇಕು. ಎನ್‌ಸಿಸಿ ವಾಯು ವಿಭಾಗದ ‘ಸಿ’ ಸರ್ಟಿಫಿಕೇಟ್ ಇದ್ದವರಿಗೆ ಲಿಖಿತ ಪರೀಕ್ಷೆ ಇಲ್ಲದ ವಿಶೇಷ ಪ್ರವೇಶವಿದೆ.

4. ವಾಯುಪಡೆಯ ಆಯ್ಕೆ ಮಂಡಳಿಯ (ಎಎಫ್‌ಎಸ್‌ಬಿ) ಐದು ದಿನಗಳ ಸಂದರ್ಶನ. ನಮ್ಮ ರಾಜ್ಯದ ಮಂಡಳಿ ಮೈಸೂರಿನಲ್ಲಿದೆ. ಮುರುಡೇಶ್ವರದಿಂದ ಮೈಸೂರು ಮೂಲಕ ಬೆಂಗಳೂರಿಗೆ ಹೋಗುವ ರೈಲಿದೆ. ಆದರೆ ಕರೆ ಬೇರೆ ಊರಿನ ಮಂಡಳಿಯಿಂದಲೂ ಬರಬಹುದು. ಪೈಲಟ್ ಅಭ್ಯರ್ಥಿಗಳಿಗೆ ಸಿಪಿಎಸ್‌ಎಸ್ ಎಂಬ ಯಂತ್ರದ ಪರೀಕ್ಷೆ ಇರುತ್ತದೆ. ಕೈ, ಕಾಲು, ಕಣ್ಣು ಒಟ್ಟಿಗೆ ಎಷ್ಟು ಹೊಂದಿಕೊಂಡು ಕೆಲಸ ಮಾಡುತ್ತವೆ ಎಂದು ಅದು ಅಳೆಯುತ್ತದೆ. ಜೀವಮಾನದಲ್ಲಿ ಒಂದೇ ಅವಕಾಶ. “ಹೇಗಿದೆ ನೋಡೋಣ” ಎಂದು ಸುಮ್ಮನೆ ಹೋಗಿ ಕೂರುವ ಪರೀಕ್ಷೆ ಇದಲ್ಲ.

5. ಏರ್‌ಮನ್ ದಾರಿ: ಅಗ್ನಿವೀರವಾಯು. ವಯಸ್ಸು ಹದಿನೇಳೂವರೆಯಿಂದ ಇಪ್ಪತ್ತೊಂದು, ನಾಲ್ಕು ವರ್ಷದ ಸೇವೆ. ಮೂಲ ತರಬೇತಿ ನಮ್ಮ ಬೆಳಗಾವಿಯ ಸಾಂಬ್ರಾದಲ್ಲೇ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000. ಅದರಲ್ಲಿ ಶೇ. 30 ಸೇವಾ ನಿಧಿಗೆ ಹೋಗಿ, ಸರಕಾರದ ಪಾಲೂ ಸೇರಿ ಕೊನೆಗೆ ಬಡ್ಡಿ ಬಿಟ್ಟು ಸುಮಾರು ಹತ್ತು ಲಕ್ಷ ಕೈಗೆ ಬರುತ್ತದೆ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಕಾಯಂ ಆಗುವವರು ನೂರಕ್ಕೆ ಇಪ್ಪತ್ತೈದು ಮಂದಿಯವರೆಗೆ. ಫ್ಲೈಟ್ ಇಂಜಿನಿಯರ್, ಲೋಡ್‌ಮಾಸ್ಟರ್‌ಗಳನ್ನು ಅನುಭವ ಪಡೆದ ಏರ್‌ಮನ್‌ಗಳ ನಡುವಿನಿಂದ ಆರಿಸುವ ಪದ್ಧತಿ ಇರುವುದರಿಂದ, ನಾಲ್ಕು ವರ್ಷದೊಳಗೆ ವಿಮಾನದ ಸಿಬ್ಬಂದಿಯಾಗುತ್ತೇನೆ ಎಂಬ ಲೆಕ್ಕ ಹಾಕಬೇಡಿ. ಕಾಯಮಾತಿ ಸಿಕ್ಕರೆ ಆ ದಾರಿ ತೆರೆಯಬಹುದು, ಅಷ್ಟೆ.

ಸಾಮಾನ್ಯ ತಪ್ಪುಗಳು

ನಮ್ಮ ಕಡೆಯ ಮಕ್ಕಳು ಬುದ್ಧಿಗಿಂತ ಹೆಚ್ಚಾಗಿ ಸೋಲುವುದು ಭಾಷೆಯಲ್ಲಿ. ಎನ್‌ಡಿಎ ಮತ್ತು ಅಗ್ನಿವೀರವಾಯು ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತದೆ, ಎಎಫ್‌ಕ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದಲ್ಲಿ ಗಣಿತ ಚೆನ್ನಾಗಿ ಬರುವ ಹುಡುಗಿ ಪ್ರಶ್ನೆ ಓದುವುದರಲ್ಲೇ ಸಮಯ ಕಳೆಯುತ್ತಾಳೆ. ಇದು ಅನ್ಯಾಯವೇ, ನನಗೆ ಅದರ ಬಗ್ಗೆ ಅಸಮಾಧಾನವಿದೆ. ಆದರೆ ಅದು ಬದಲಾಗುವವರೆಗೆ ಕಾಯಲಾಗದು. ಪ್ರಥಮ ಪಿಯುಸಿಯಿಂದಲೇ ಹಳೆಯ ಪ್ರಶ್ನೆಪತ್ರಿಕೆಗಳನ್ನು ಇಂಗ್ಲಿಷಿನಲ್ಲಿ ಬಿಡಿಸಿ, ದಿನಕ್ಕೆ ಸ್ವಲ್ಪ ಹೊತ್ತು ಗೆಳೆಯರೊಂದಿಗೆ ಇಂಗ್ಲಿಷಿನಲ್ಲೇ ವಾದ ಮಾಡಿ. ಗುಂಪು ಚರ್ಚೆಗೆ ಬೇರೆ ಔಷಧವಿಲ್ಲ.

ಹಣ ಕೊಟ್ಟರೆ ಸೀಟು ಮಾಡಿಸುತ್ತೇನೆ ಎನ್ನುವವರು ಸಿಕ್ಕೇ ಸಿಗುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ. ಅರ್ಜಿ ಶುಲ್ಕ ಅಧಿಕೃತ ಜಾಲತಾಣದಲ್ಲಿ ಕಟ್ಟುವುದು, ಅದರಾಚೆ ಯಾವ ಖರ್ಚೂ ಇಲ್ಲ. ಏರ್‌ಮನ್ ಭರ್ತಿಯ ಬಗ್ಗೆ ಅನುಮಾನ ಬಂದರೆ ಬೆಂಗಳೂರಿನ ಕಬ್ಬನ್ ರಸ್ತೆಯ 7ನೇ ಏರ್‌ಮನ್ ಆಯ್ಕೆ ಕೇಂದ್ರದಲ್ಲಿ ವಿಚಾರಿಸಿ. ಮುಂದೋಳಿನ ಹೊರಗೆ, ಕುತ್ತಿಗೆಯ ಮೇಲೆ ಹಚ್ಚೆ ಹಾಕಿಸಿಕೊಂಡು ಅನರ್ಹರಾಗುವವರೂ ಇದ್ದಾರೆ.

ಮಿಲಿಟರಿ ವಿಮಾನದ ಒಳಗು ಹೇಗಿರುತ್ತದೆಂದು ತಿಳಿಯದೆ ನಿರ್ಧಾರ ಮಾಡುವುದು ಇನ್ನೊಂದು ತಪ್ಪು. ಕಾರವಾರದ ಕಡಲತೀರದಲ್ಲಿ, ಚಾಪಲ್ ಯುದ್ಧನೌಕೆಯ ಪಕ್ಕ, ನೌಕಾಪಡೆಯ ಟ್ಯುಪೊಲೆವ್ 142 ವಿಮಾನವನ್ನು ಅರಕ್ಕೋಣಂನಿಂದ ಬಿಡಿಬಿಡಿಯಾಗಿ ತಂದು ಜೋಡಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಅದು ಸರಕು ವಿಮಾನವಲ್ಲ, ದೂರಗಾಮಿ ಕಣ್ಗಾವಲಿನದು. ಆದರೂ ನಾಲ್ಕು ಟರ್ಬೊಪ್ರಾಪ್ ಇಂಜಿನ್‌ಗಳ ದೊಡ್ಡ ವಿಮಾನದಲ್ಲಿ ಹಲವು ಜನರ ಸಿಬ್ಬಂದಿ ಎಷ್ಟು ಇಕ್ಕಟ್ಟಿನಲ್ಲಿ ಗಂಟೆಗಟ್ಟಲೆ ದುಡಿಯುತ್ತಿದ್ದರು ಎಂಬುದು ಕಣ್ಣಿಗೆ ಕಾಣುತ್ತದೆ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಎರಡು ವರ್ಷಕ್ಕೊಮ್ಮೆ ಯಲಹಂಕದಲ್ಲಿ ನಡೆಯುವ ಏರೋ ಇಂಡಿಯಾ ಪ್ರದರ್ಶನದ ಸಾರ್ವಜನಿಕ ದಿನಗಳಲ್ಲಿ ಸಾಗಣೆ ವಿಮಾನಗಳನ್ನೂ ಹತ್ತಿರದಿಂದ ನೋಡುವ ಅವಕಾಶ ಸಿಗುತ್ತದೆ.

ಕೊನೆಯದು, ಎಷ್ಟೋ ಅರ್ಜಿಗಳನ್ನು ಕೆಡಿಸುವ ಸಣ್ಣ ವಿಷಯ: ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಜಾತಿ ಪ್ರಮಾಣಪತ್ರದಲ್ಲಿ ಅಡ್ಡಹೆಸರು. ನಾಯ್ಕ, ಗೌಡ, ಹೆಗಡೆಗಳ ಇಂಗ್ಲಿಷ್ ಕಾಗುಣಿತ ಒಂದೊಂದರಲ್ಲಿ ಒಂದೊಂದು ಥರ. ವಾಯುಪಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಹೆಸರು ಮತ್ತು ಜನ್ಮದಿನಾಂಕವನ್ನು ಆಧಾರವಾಗಿ ಹಿಡಿಯುತ್ತದೆ. ಅಂಕಪಟ್ಟಿಯ ತಿದ್ದುಪಡಿಗೆ ಶಾಲೆಯ ಮೂಲಕ ಮಂಡಳಿಗೆ ಹೋಗಿಬರಲು ತಿಂಗಳುಗಳೇ ಹಿಡಿಯಬಹುದು. ಆದ್ದರಿಂದ ಅಂಕಪಟ್ಟಿ ಸರಿಯಿದ್ದರೆ ಅದಕ್ಕೆ ಹೊಂದುವಂತೆ ಆಧಾರ್ ತಿದ್ದಿಸಿ, ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಅಧಿಸೂಚನೆಗೆ ಕಾಯದೆ ಇಂದೇ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಾಣಿ.